ಗೌರಮ್ಮನ ಹಲ್ಲಿನ ಸಂದಿ

ಹಲ್ಲು ಕಟ್ಟುವ ಮೇಣ ಕರಗುವಾಗ ಒಂದು ವಾಸನೆ ಬರುತ್ತದೆ ನೋಡಿ, ಅತ್ತ ಸಿಹಿಯೂ ಅಲ್ಲ, ಇತ್ತ ಸುಟ್ಟಿದ್ದೂ ಅಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವ ನನಗೆ ಅದು ಮಧ್ಯಾಹ್ನದ ಜೋಂಪಿನ ವಾಸನೆ. ಇವತ್ತು ಆ ಜೋಂಪಿನಲ್ಲಿ ಬಾಗಿಲ ಬಳಿ ಗೌರಮ್ಮ ನಿಂತಂತಾಯಿತು. ಅವರು ಹೋಗಿ ಆರು ವರ್ಷವಾಯಿತು. ಕಣ್ಣುಜ್ಜಿ ನೋಡಿದರೆ ಅವರ ಮಗಳು ಶಾಂತಮ್ಮ. ಕೂಡ್ರಿ ಅಂದೆ. ಅವರು ಕೂತರು, ನನ್ನ ಮನಸ್ಸು ಹಳೆಯದಕ್ಕೆ ಜಾರಿತು.

ಗೌರಮ್ಮ ನಂದಿಗುಡಿಯವರು. ಹಲ್ಲೆಲ್ಲ ಉದುರಿದ ಮೇಲೆ ಬಸ್ಸು ಹತ್ತಿ ಬಂದಿದ್ದರು. ನಾನು ಮುತ್ತು ಪೋಣಿಸಿದ ಹಾಗೆ ಹಲ್ಲು ಜೋಡಿಸಿ ತೋರಿಸಿದರೆ ಮುಖ ಸಿಂಡರಿಸಿದರು.

"ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇಡ್ರಿ. ನಂಗೆ ಮೊದ್ಲಿಂದ ಐತೆ. ಇಲ್ಲಾಂದ್ರೆ ನಕ್ಕಾಗ ನನ್ ಮಗಳು ಇದ್ಯಾರಪ್ಪ ಅಂತಾಳೆ."

"ನೋಡಿದೋರು ನನ್ನ ಕೆಲ್ಸಕ್ಕೆ ನಗ್ತಾರಮ್ಮ."

"ನಗ್ಲಿ ಬಿಡ್ರಿ. ಹಲ್ಲು ಇರೋದು ಮತ್ತ್ಯಾಕ?"

ಗೊಣಗುತ್ತ ಸಂದಿ ಇಟ್ಟುಕೊಟ್ಟೆ. ಸೆರಗಿನಲ್ಲಿ ಕಟ್ಟಿ ತಂದಿದ್ದ ಮಂಡಕ್ಕಿಯನ್ನು ಅಗಿದು ಪರೀಕ್ಷೆ ಮಾಡಿ, ನನಗೂ ಒಂದು ಹಿಡಿ ಕೊಟ್ಟು ಹೋದರು.

ಕೆಲವು ವರ್ಷ ಕಳೆದು ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ಹರಿಹರದ ಹತ್ತಿರ ಹೊಳೆದಂಡೆಯಲ್ಲಿ ಒಬ್ಬ ಹೆಂಗಸಿನ ಹೆಣ ಸಿಕ್ಕಿತ್ತು. ಯಾರೋ ಹೊಡೆದು ಕೊಂದಿದ್ದರು.

"ಮುಖ ಗುರ್ತು ಸಿಗಂಗಿಲ್ರಿ. ಕಾಣೆಯಾದೋರ ಮನೆಯೋರಿಗೆಲ್ಲ ಫೋಟೋ ತೋರಿಸೀವಿ, ಎಲ್ಲಾರೂ ನಮ್ಮೋರಲ್ಲ ಅಂದ್ರು. ನಾಳೆ ಮಧ್ಯಾಹ್ನ ಅನಾಥ ಶವ ಅಂತ ಮಣ್ಣು ಮಾಡ್ತೀವಿ. ಬಾಯಾಗಿದ್ದ ಇದೊಂದು ನೋಡ್ರಿ, ನೀವು ಮಾಡಿದ್ದೇನು?"

ಪ್ಲಾಸ್ಟಿಕ್ ಕವರಿನಲ್ಲಿ ಹಲ್ಲಿನ ಸೆಟ್ಟು. ಮುಂದೆ ಸಂದಿ.

ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. "ಇಂಥ ಕೆಲ್ಸ ನಂದಲ್ಲ ಸಾರ್" ಎಂದುಬಿಟ್ಟೆ. ಮರೆತು ಅಂದೆನೋ, ಗೊತ್ತಿದ್ದೇ ಅಂದೆನೋ, ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಕಸುಬಿನ ಜಂಬ ನೆನಪಿಗಿಂತ ಮುಂದೆ ಓಡುತ್ತದೆ.

ಸಂಜೆ ಮಂಡಕ್ಕಿ ಬಾಯಿಗೆ ಹಾಕಿಕೊಂಡವನಿಗೆ ಅಗಿಯಲಾಗಲಿಲ್ಲ. ಬೆಳಿಗ್ಗೆ ಎದ್ದವನೇ ಅಟ್ಟ ಹತ್ತಿದೆ. ಹಳೆಯ ಗಿರಾಕಿಗಳ ಬಾಯಿಯ ಪ್ಲಾಸ್ಟರ್ ಅಚ್ಚುಗಳು ಅಲ್ಲಿ ಧೂಳು ಹೊದ್ದು ಮಲಗಿರುತ್ತವೆ. ಕಿಟಕಿಯ ಎಳೆಬಿಸಿಲಿಗೆ ಎಲ್ಲವೂ ಏನೋ ಹೇಳಲು ಬಾಯಿ ತೆರೆದ ಹಾಗೆ ಕಂಡವು. ಒಂದರ ತಳದಲ್ಲಿ ನನ್ನದೇ ಅಕ್ಷರ: ಗೌರಮ್ಮ, ನಂದಿಗುಡಿ. ಟವೆಲಿನಲ್ಲಿ ಸುತ್ತಿಕೊಂಡು ಸ್ಕೂಟರಿನಲ್ಲಿ ಹರಿಹರದ ಠಾಣೆಗೆ ಹೋದೆ. ಸೆಟ್ಟು ಆ ಅಚ್ಚಿನ ಮೇಲೆ ಟಕ್ಕನೆ ಕೂತಿತು. ಅಷ್ಟರಲ್ಲಿ ಗುಂಡಿ ತೋಡಿಯಾಗಿತ್ತಂತೆ.

ಗೌರಮ್ಮನನ್ನು ನಂದಿಗುಡಿಗೆ ಒಯ್ದು, ವಿಭೂತಿ ಹಚ್ಚಿ, ಅವರ ಹೊಲದಲ್ಲೇ ಸಮಾಧಿ ಮಾಡಿದರು. ಹೆಣಕ್ಕೆ ಹೆಸರು ಸಿಕ್ಕಿದ್ದರಿಂದ ಕೊಂದವನೂ ಸಿಕ್ಕ, ದೂರದ ನಂಟ. ಶಾಂತಮ್ಮ ನನಗೆ ಕೈಮುಗಿದರು. ನಾನು ದೇವರ ಹಾಗೆ ನಿಂತು ಕೈಮುಗಿಸಿಕೊಂಡೆ. ಆ ನಾಚಿಕೆ ಆರು ವರ್ಷ ಒಳಗೇ ಇತ್ತು.

ಇವತ್ತು ಬಾಯಿ ಬಿಟ್ಟೆ. "ಮೊದ್ಲು ನಂದಲ್ಲ ಅಂದಿದ್ದೆ ಶಾಂತಮ್ಮ. ಒಂದಿನ ನಿಮ್ಮ ಅವ್ವನ್ನ ಅನಾಥ ಮಾಡಿದ್ದೆ."

ಅವರು ಮೇಣದ ಬಟ್ಟಲು ನೋಡುತ್ತ ಅಂದರು:

"ನಂಗೂ ಫೋಟೋ ತೋರ್ಸಿದ್ರು. ಸೀರೆ ಗುರ್ತು ಸಿಕ್ಕಿತ್ರಿ. ಅವ್ವ ಅಲ್ಲ ಅಂದೆ. ಹೂಂ ಅಂದ್ರೆ ಸತ್ತೇ ಹೋಗ್ತಾಳಲ್ಲ ಅಂತ."

ನಾನು ಅವರ ಬಾಯಿಯ ಅಚ್ಚು ತೆಗೆಯಲು ಎದ್ದೆ. ಅವರು ಬಂದಿದ್ದು ಬಿದ್ದುಹೋದ ಮುಂದಿನ ಎರಡು ಹಲ್ಲು ಕಟ್ಟಿಸಲು.

"ನಿಮಗೂ ಸಂದಿ ಇತ್ತೇನ್ರಿ?"

"ಇರ್ಲಿಲ್ಲ. ಒಂಚೂರು ಇಡ್ರಿ."

ಈ ಸಲ ಗೊಣಗಲಿಲ್ಲ. ಅಚ್ಚಿನ ತಳದಲ್ಲಿ ಅವರ ಹೆಸರು ಬರೆದು, ಅದರ ಕೆಳಗೆ, ಮೊದಲ ಸಲ, ಮಾಡಿದವನು ಅಂತ ನನ್ನ ಹೆಸರನ್ನೂ ಬರೆದೆ.