ನಾಯಂಡಹಳ್ಳಿಯ ದೋಣಿಗೆ ಬೆನ್ನು ಬಂದ ದಿನ

ಉಡುಪಿ ಬಳಿಯ ಕೆಮ್ಮಣ್ಣಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ವರ್ಣಾ ನದಿಯ ದಂಡೆಯಲ್ಲಿ ಲತಾ ಮಂಡಿಯೂರಿ ಕೂತು, ಕವುಚಿ ಹಾಕಿದ ಹಳದಿ ಕಯಾಕ್ ಮೇಲೆ ಅಂಗೈ ಆಡಿಸುತ್ತಿದ್ದಾರೆ. ಕಣ್ಣಿಗೆ ಕಾಣದ ಬಿರುಕು ಕೈಗೆ ಸಿಗುತ್ತದಂತೆ. ಚಹಾ ತಂದುಕೊಟ್ಟರೂ ತಿರುಗಿ ನೋಡುವುದಿಲ್ಲ. "ನಾವು ಸೀಟ್ ಮೇಲೆ ಕೂತ್ಕೊಂಡ್ ಬಂದ್ವಿ ಸಾರ್. ಇದು ಬೆಂಗಳೂರಿಂದ ಕಾರಿನ ತಲೆ ಮೇಲೆ ಮಲಕ್ಕೊಂಡು ಬಂದಿದೆ. ಮೊದ್ಲು ಇದನ್ನ ವಿಚಾರಿಸ್ಕೋಬೇಕಲ್ವಾ?" ಎನ್ನುತ್ತಾರೆ.

ಈ ದೋಣಿ ಅವರದಲ್ಲ, ಅವರು ಮಾಡಿದ್ದು. ಬೆಂಗಳೂರಿನ ನಾಯಂಡಹಳ್ಳಿಯ ಮೆಟ್ರೊ ಕಂಬಗಳ ಹಿಂದೆ, ಗೋಡೌನುಗಳ ಸಂದಿಯಲ್ಲಿ ಗೋಪೀನಾಥ ಎಂಬವರ ಫೈಬರ್ ಶೆಡ್ ಇದೆ. ಲತಾ ಅಲ್ಲಿಯ ಹಳೆಯ ಕೆಲಸಗಾರ್ತಿ. ನಾನು ವಿಜಯನಗರದವನು, ಆ ಶೆಡ್ಡಿನ ಮುಂದೆ ವರ್ಷಗಟ್ಟಲೆ ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಹಾದುಹೋಗಿದ್ದೇನೆ. ಅಲ್ಲಿ ಬಳಸುವ ರೆಸಿನ್ ಎಂಬ ಅಂಟಿನ ವಾಸನೆ ಹಾಗಿದೆ. ಒಳಗೆ ಮೀನು ಹಿಡಿಯುವ ದೋಣಿ ತಯಾರಾಗುತ್ತಿದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಮ್ಮ ಕಡೆ ಹರಿಯುವ ನೀರೆಂದರೆ ಊರ ಕೊಳಚೆ ಹೊತ್ತ ವೃಷಭಾವತಿ. ಅದರ ಮಾತು ಬೆಳ್ಳಂಬೆಳಗ್ಗೆ ಬೇಡ.

ಲತಾ ಕೆಂಗೇರಿ ಕಡೆಯ ರೈತರ ಮನೆಯ ಮಗಳು. ನಾಯಂಡಹಳ್ಳಿಗೆ ಸೊಸೆಯಾಗಿ ಬರುವ ಹೊತ್ತಿಗೆ ಗಂಡನ ಮನೆಯ ರಾಗಿ ಹೊಲದ ಮೇಲೆ ಗೋಡೌನು ಎದ್ದಿತ್ತು. ಗಂಡ ಯಶ್ವಂತ್ ಟೆಂಪೊ ಓಡಿಸುತ್ತಾರೆ. ಸುಮ್ಮನೆ ಕೂರಲಾಗದೆ ಶೆಡ್ ಸೇರಿದ ಲತಾ ನೀರಿನ ತೊಟ್ಟಿ, ಕಸದ ಡಬ್ಬ, ಪಾರ್ಕಿನ ಜಾರುಬಂಡೆ ಎಲ್ಲವನ್ನೂ ಮಾಡಿದ್ದಾರೆ. ನಾಲ್ಕು ವರ್ಷದಿಂದ ಕಯಾಕ್. ಬೆಳಿಗ್ಗೆ ಏಳಕ್ಕೇ ಕೆಲಸ ಶುರು, ಏಕೆಂದರೆ ಬಿಸಿಲೇರಿದರೆ ರೆಸಿನ್ ಬಕೆಟ್ಟಿನಲ್ಲೇ ಕಲ್ಲಾಗುತ್ತದೆ. ಅಚ್ಚಿಗೆ ಮೇಣ ಸವರಿ, ಬಣ್ಣ ಬಳಿದು, ಗಾಜಿನ ನಾರಿನ ಹಾಸು ಹಾಸಿ, ರೆಸಿನ್ ಕುಡಿಸಿ ರೋಲರ್‌ನಿಂದ ಒತ್ತಬೇಕು. ಹೀಗೆ ಮೂರು ಪದರ. ಗಿರಾಕಿ ಕೇಳಿದಾಗ ಎರಡು ದಿನಕ್ಕೆ ಒಂದು ದೋಣಿ. ಗ್ಲೌಸ್ ಹಾಕಿಕೊಂಡರೂ ನಾರಿನ ಚೂರು ಚರ್ಮದೊಳಗೆ ಇಳಿದು ರಾತ್ರಿಯೆಲ್ಲ ನವೆ. "ಮುದ್ದೆ ನಮ್ಮತ್ತೆ ವೆಂಕಟಲಕ್ಷ್ಮಮ್ಮನೇ ಕಟ್ಟೋದು. ನೀನು ಕಟ್ಟಿದ್ರೆ ಗಂಟ್ಲು ಕೆರೆಯುತ್ತೆ ಕಣೇ ಅಂತಾರೆ. ಅವ್ರು ಹೇಳೋದೂ ನಿಜಾನೇ."

ಇಷ್ಟು ಕಷ್ಟದ ಕೆಲಸ ಏಕೆ ಇಷ್ಟ ಎಂದು ಕೇಳುತ್ತೇನೆ. ಅವರ ಉತ್ತರ ಸಿದ್ಧವಾಗಿದೆ. "ತೊಟ್ಟಿ ಮಾಡಿದ್ರೆ ಮಹಡಿ ಮೇಲಿಡ್ತಾರೆ, ಮರೀತಾರೆ. ಸೋರಿದಾಗ ಬೈಕೊಂಡು ನೆನಪಿಸ್ಕೋತಾರೆ. ಕಯಾಕ್ ತಗೊಳ್ಳೋಕೆ ಬರೋರು ಹಂಗಲ್ಲ. ವಯಸ್ಸಾದೋರೂ ಮಕ್ಕಳ ಹಂಗೆ ನಗ್ತಾ ಬರ್ತಾರೆ. ತೊಟ್ಟಿ ತಗೊಳ್ಳೋಕೆ ಯಾರಾದ್ರೂ ನಗ್ತಾ ಬಂದಿದ್ದು ನೋಡಿದೀರಾ ನೀವು?" ನಾನು ನೋಡಿಲ್ಲ.

ಆ ನಗುವಿಗೇ ಈಗ ಕುತ್ತು ಬಂದಿದೆ. ನಂದಿನಿ ಲೇಔಟ್‌ನ ಡ್ರಿಲ್ ಮೇಷ್ಟ್ರು ಶ್ರೀರಾಮ್ ಆ ಶೆಡ್ಡಿನಿಂದ ಎರಡು ಕಯಾಕ್ ಕೊಂಡಿದ್ದಾರೆ. ಕೆರೆಯಲ್ಲಿ ಬಂಗಾರದಂತಿದ್ದ ದೋಣಿಗಳು ಕರಾವಳಿಯ ನದಿಗೆ ಇಳಿದೊಡನೆ ಮಾತು ಕೇಳುವುದಿಲ್ಲ, ಗರಗರ ತಿರುಗುತ್ತವೆ ಎಂದು ಅವರ ದೂರು. ಇನ್ನಿಬ್ಬರು ಗಿರಾಕಿಗಳೂ ಅದನ್ನೇ ಹೇಳಿದ ಮೇಲೆ ಗೋಪೀನಾಥ ಅವರು ರೋಸಿಹೋಗಿ, ಕಯಾಕ್ ಅಚ್ಚನ್ನು ಪೀಣ್ಯದ ಒಬ್ಬರಿಗೆ ಮಾರಿಬಿಡಲು ತೀರ್ಮಾನಿಸಿದ್ದಾರೆ. ಕೊಳ್ಳುವವರು ಅಚ್ಚು ಒಯ್ಯಲು ಬರುವುದು ಸೋಮವಾರ, ಅಂದರೆ ನಾಳೆ. ಆಮೇಲೆ ಮತ್ತೆ ಬರೀ ತೊಟ್ಟಿ. "ಒಂದ್ಸಲ ಆ ನದೀಲಿ ನಾನೇ ಕೂತು ನೋಡ್ತೀನಿ, ಆಮೇಲೆ ಮಾರಿ" ಎಂದು ಲತಾ ಹಟ ಹಿಡಿದಿದ್ದರಿಂದ ಶ್ರೀರಾಮ್ ತಮ್ಮ ಭಾನುವಾರದ ಮೀನು ಬೇಟೆಗೆ ಅವರನ್ನು ಕರೆತಂದಿದ್ದಾರೆ. ಇದನ್ನು ಬರೆಯಬೇಕೆಂದು ಬಾಲದ ಹಾಗೆ ನಾನೂ ಬಂದಿದ್ದೇನೆ.

ನದಿ ತುಂಬಿ ನಿಂತಿದೆ. ಲತಾ ಒಂಟಿ ದೋಣಿಯಲ್ಲಿ, ನಾನು ಮತ್ತು ಶ್ರೀರಾಮ್ ಜೋಡಿ ದೋಣಿಯಲ್ಲಿ. ಶೆಡ್ಡಿನ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಪ್ರತಿ ದೋಣಿಯನ್ನೂ ಪರೀಕ್ಷಿಸುವುದು ಲತಾ ಅವರೇ ಆದ್ದರಿಂದ ಅವರಿಗೆ ಹುಟ್ಟು ಹಾಕಲು ಬರುತ್ತದೆ. ನನಗೆ ಬರುವುದಿಲ್ಲ. ನನ್ನ ಹುಟ್ಟಿನಿಂದ ಶ್ರೀರಾಮ್ ಬೆನ್ನಿಗೆ ಎರಡು ಏಟು ಬಿದ್ದ ಮೇಲೆ ಅವರು ಮೆತ್ತಗೆ, "ಸಾರ್, ನೀವು ಬರೀರಿ, ಸಾಕು" ಎಂದರು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಗಿಡಗಳ ಬೇರುಗಳ ನಡುವೆ ಬೆಳ್ಳಕ್ಕಿಗಳು ಕಾದು ಕೂತಿವೆ. ಮೊದಲ ಒಂದು ಗಂಟೆ ಎಲ್ಲವೂ ಸೊಗಸು. ಲತಾ ಮುಖದಲ್ಲಿ ಗೆಲುವು. "ಎಲ್ಲಿ ಸಾರ್ ತಿರುಗುತ್ತೆ? ಹೆಂಗೆ ಹೋಗ್ತಿದೆ ನೋಡಿ!" ಎಂದು ಮೇಷ್ಟ್ರನ್ನು ಛೇಡಿಸುತ್ತಾರೆ.

ಅಷ್ಟರಲ್ಲಿ ಇಳಿತ ಶುರುವಾಗುತ್ತದೆ. ಸಮುದ್ರ ತನ್ನ ನೀರನ್ನು ವಾಪಸ್ ಕರೆಸಿಕೊಳ್ಳುವ ಹೊತ್ತು ಅದು. ಮೀನು ಕಚ್ಚುವ ಹೊತ್ತೂ ಅದೇ ಎಂದು ಶ್ರೀರಾಮ್ ಗಾಳ ಎಸೆಯುತ್ತಾರೆ. ಗಾಳದ ಕೋಲು ಹಿಡಿಯಲು ಹುಟ್ಟು ಬಿಟ್ಟದ್ದೇ ತಡ, ನಮ್ಮ ದೋಣಿ ಮುನಿಸಿಕೊಂಡ ಬೀಗರಂತೆ ಮೀನಿರುವ ಕಡೆಗೆ ಬೆನ್ನು ತಿರುಗಿಸಿ ಕೂರುತ್ತದೆ. ಲತಾ ಅವರದೂ ಹಾಗೆಯೇ. ನೆಟ್ಟಗೆ ಮಾಡಿ ಹುಟ್ಟು ಎತ್ತಿದರೆ ಮತ್ತೆ ಅಡ್ಡ. "ಶ್ರೀರಾಮ್ ಸಾರ್ ಹೇಳಿದ್ದು ಸರಿ. ಇದು ದೋಣಿ ಅಲ್ಲ, ತಟ್ಟೆ" ಎಂದು ಕೊನೆಗೆ ಲತಾ ಅವರೇ ಒಪ್ಪಿಕೊಂಡರು. ನನ್ನ ಬರಹವನ್ನು ಯಾರಾದರೂ ಓದದೆ ಬೈದರೆ ತಡೆದುಕೊಂಡೇನು. ಓದಿದ ಮೇಲೆ ನನಗೇ ಹಿಡಿಸದಿದ್ದರೆ ಹೇಗಿರುತ್ತದೆಂದು ನನಗೆ ಗೊತ್ತು.

ಹನ್ನೊಂದಕ್ಕೇ ಊಟಕ್ಕೆಂದು ನದಿ ನಡುವಿನ ಮರಳು ದಿಬ್ಬದಲ್ಲಿ ಇಳಿದೆವು. ವೆಂಕಟಲಕ್ಷ್ಮಮ್ಮ ಕಟ್ಟಿಕೊಟ್ಟ ಚಪಾತಿ, ಹುಚ್ಚೆಳ್ಳು ಚಟ್ನಿ ಮುಗಿಸಿ ನೋಡಿದರೆ ನೀರೇ ಇಲ್ಲ. ಕೆರೆ ನೋಡಿ ಬೆಳೆದ ನಾವು ದೋಣಿಗಳನ್ನು ನೀರಿನಂಚಿನಲ್ಲೇ ಬಿಟ್ಟು ಬಂದಿದ್ದೆವು. ಇಳಿತ ಬಲ್ಲ ಮೇಷ್ಟ್ರೂ ಹಸಿವಿನಲ್ಲಿ ಅದನ್ನು ಮರೆತಿದ್ದರು. ಈಗ ಅವು ಕೆಸರಿನಲ್ಲಿ ಕೂತಿವೆ, ನೀರು ದೂರ ಸರಿದುಹೋಗಿದೆ. ಅಲ್ಲೇ ದಿಬ್ಬದ ಮೇಲೆ ಸ್ಥಳೀಯ ಅಜ್ಜರೊಬ್ಬರು ತಮ್ಮ ಮರದ ದೋಣಿ ಮಗುಚಿ ಹಾಕಿ ತಳಕ್ಕೆ ಎಣ್ಣೆ ಹಚ್ಚುತ್ತಿದ್ದಾರೆ. ನಮ್ಮ ಅವಸ್ಥೆ ನೋಡಿ ನಕ್ಕರು. "ಇನ್ನು ನೀರು ಬರುವುದು ಮಧ್ಯಾಹ್ನದ ಮೇಲೆಯೇ ಮಾರಾಯ್ರೆ. ಎಲ್ಲಿಗೆ ಹೋಗ್ತೀರಿ? ಕೂತುಕೊಳ್ಳಿ."

ಲತಾ ಕೂರಲಿಲ್ಲ. ಅಜ್ಜರ ದೋಣಿಯ ಸುತ್ತ ಒಂದು ಸುತ್ತು ಬಂದು, ಅದರ ತಳದಲ್ಲಿ ಮೂತಿಯಿಂದ ಬಾಲದವರೆಗೆ ಓಡಿದ ಏಣಿನ ಮೇಲೆ ಬೆರಳಾಡಿಸಿದರು. ಕಟ್ಟಿಗೆಯ ಬೆನ್ನುಮೂಳೆಯಂಥ ಏಣು. ಆಮೇಲೆ ಬಂದು ನಮ್ಮ ಮುಂದೆ ಮರಳಿನಲ್ಲಿ ಕುಕ್ಕರಿಸಿದರು.

"ತಪ್ಪು ನಂದೇ ಸಾರ್. ಮೊದಲಿನ ಅಚ್ಚಿಗೆ ಈ ಬೆನ್ನಿತ್ತು. ನೀರು ಎಳೆದ್ರೂ ದೋಣಿನ ನೆಟ್ಟಗೆ ಹಿಡಿಯೋದು ಇದೇ. ದೋಣಿಗಳನ್ನ ಒಂದರ ಮೇಲೊಂದು ಪೇರಿಸಿ ಟೆಂಪೊಗೆ ಹಾಕಿದ್ರೆ ಅಲ್ಲಾಡೋವು. ಮೈಸೂರು ರೋಡ್ ಹಂಪಲ್ಲಿ ಹಗ್ಗ ಕಿತ್ಕೊಂಡ್ ಬರುತ್ತೆ, ನಾನು ಹೆಂಗೆ ಓಡಿಸ್ಲಿ ಅಂತ ನಮ್ಮನೆಯವ್ರು ದಿನಾ ಗೊಣಗೋರು. ತಳ ಸಮ ಇದ್ರೆ ಚೆನ್ನಾಗಿ ಕೂರುತ್ತಲ್ಲ ಅಂತ ಅಚ್ಚಿನಲ್ಲಿ ಬೆನ್ನು ಮೂಡಿಸೋ ಗುಳಿಯೊಳಗೆ ನಾನೇ ಪುಟ್ಟಿ ತುಂಬಿಬಿಟ್ಟೆ. ಫಿನಿಶಿಂಗ್ ಸೂಪರ್ ಅಂತ ಎಲ್ರೂ ಹೊಗಳಿದ್ರು. ನಮ್ಮ ತೊಟ್ಟೀಲಿ ನಾಲ್ಕು ಸಲ ಹುಟ್ಟು ಹಾಕಿದ್ರೆ ಗೋಡೆ ಸಿಗುತ್ತೆ. ಅಷ್ಟರಲ್ಲಿ ಏನ್ ಗೊತ್ತಾಗುತ್ತೆ?"

ಶ್ರೀರಾಮ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೈಸೂರು ರಸ್ತೆಯಲ್ಲಿ ಅಲ್ಲಾಡಬಾರದೆಂದು ತಿದ್ದಿದ ದೋಣಿಯಲ್ಲಿ ಮೇಷ್ಟ್ರು ಒಂದು ವರ್ಷದಿಂದ ಅರಬ್ಬೀ ಸಮುದ್ರದ ಬಾಗಿಲಲ್ಲಿ ಗಿರಕಿ ಹೊಡೆದಿದ್ದಾರೆ! ಲತಾ ನಗಲಿಲ್ಲ. ಎದ್ದುಹೋಗಿ, ಎಲ್ಲಾದರೂ ಸೋರಿದರೆ ಇರಲಿ ಎಂದು ತಂದಿದ್ದ ರಿಪೇರಿ ಚೀಲ ಬಿಚ್ಚಿದರು.

ಆಮೇಲೆ ನಾನು ಕಂಡದ್ದು ನಾಯಂಡಹಳ್ಳಿಯ ಶೆಡ್ಡನ್ನೇ, ಅದೂ ಮರಳಿನ ಮೇಲೆ. ಒಂಟಿ ದೋಣಿಯನ್ನು ಒಣ ಮರಳಿಗೆ ಎಳೆದು ಮಗುಚಿ, ತಳ ಒರೆಸಿ, ಒಣಗಿಸಿ, ಮರಳು ಕಾಗದದಲ್ಲಿ ಉಜ್ಜಿದರು. ದಡಕ್ಕೆ ಬಂದುಬಿದ್ದಿದ್ದ ಒಣ ತೆಂಗಿನ ಗರಿಯ ದಂಟನ್ನು ಅಜ್ಜರ ಕತ್ತಿ ಕೇಳಿ ಪಡೆದು ಉದ್ದಕ್ಕೆ ಸೀಳಿದರು. ಅದನ್ನು ತಳದ ನಡುವೆ ನೆಟ್ಟಗೆ ಕೂರಿಸಿ, ಮೇಲೆ ನಾರಿನ ಹಾಸು ಹೊದಿಸಿ ರೆಸಿನ್ ಕುಡಿಸಿದರು. ರೋಲರ್ ಇಲ್ಲದ್ದಕ್ಕೆ ನೀರಿನ ಬಾಟಲಿಯೇ ರೋಲರ್. ನಾನು ಕೊಡೆ ಹಿಡಿಯಲು ಹೋದರೆ ಗದರಿಕೊಂಡರು. "ಬಿಸ್ಲು ಬೀಳ್ಲಿ ಸಾರ್! ಬಿಸ್ಲೇ ಇದಕ್ಕೆ ಔಷಧಿ." ನಾನು, ಮೇಷ್ಟ್ರು, ಅಜ್ಜ ಮೂವರೂ ಹೆರಿಗೆ ವಾರ್ಡಿನ ಹೊರಗಿನವರಂತೆ ಅತ್ತಿತ್ತ ಅಡ್ಡಾಡಿದೆವು. ರೆಸಿನ್ ಗಟ್ಟಿಯಾಯಿತೇ ಎಂದು ಲತಾ ಉಗುರಿನಿಂದ ಕುಟ್ಟಿ ಕುಟ್ಟಿ ನೋಡುತ್ತಿದ್ದರು.

ಅಜ್ಜ ಹೇಳಿದಂತೆ ಮಧ್ಯಾಹ್ನದ ಮೇಲೆ ನೀರು ಬಂತು. ಮೊದಲು ಮರಳಿನ ಗೆರೆಗಳಲ್ಲಿ ಸದ್ದಿಲ್ಲದೆ, ನೋಡನೋಡುತ್ತ ರಭಸವಾಗಿ. ಬೆಳಗ್ಗೆ ಕಡಲಿನ ಕಡೆ ಓಡಿದ ನದಿ ಈಗ ಊರಿನ ಕಡೆ ಓಡುತ್ತಿದೆ. ಲತಾ ಲೈಫ್ ಜಾಕೆಟ್ ಬಿಗಿದುಕೊಂಡು ದೋಣಿ ಏರಿದರು. ಬೆನ್ನಿಲ್ಲದ ನಮ್ಮ ಜೋಡಿ ದೋಣಿ ಎಂದಿನಂತೆ ಅಡ್ಡಡ್ಡ ತಿರುಗುತ್ತ ಹಿಂದೆ ಹೊರಟಿತು.

ಅವರು ಹತ್ತು ಸಲ ಬಲವಾಗಿ ಹುಟ್ಟು ಹಾಕಿದರು. ಆಮೇಲೆ ಹುಟ್ಟನ್ನು ಎತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎರಡೂ ಕೈ ಬಿಟ್ಟು ಕೂತರು. ದೋಣಿ ನೆಟ್ಟಗೆ ಹೋಯಿತು. ಸುಳಿಯೊಂದು ಮೂತಿಯನ್ನು ಪಕ್ಕಕ್ಕೆ ಎಳೆಯಿತು, ದೋಣಿ ಒಂದು ಗೇಣು ವಾಲಿತು, ಮತ್ತೆ ತನ್ನ ದಾರಿ ಹಿಡಿಯಿತು. ಶ್ರೀರಾಮ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರಿಂದ ನಾನು ನೀರಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. "ಲತಾ ಅವ್ರೇ, ದೋಣೀಲಿಟ್ಟಿರೋ ಗಾಳದ ಕೋಲು ತಗೊಳ್ಳಿ. ಗಿಡದ ಬುಡಕ್ಕೆ ಎಸೀರಿ!" ಎಂದು ಕೂಗಿದರು.

ಜೀವನದಲ್ಲಿ ಮೊದಲ ಸಲ ಗಾಳ ಎಸೆದವರ ಗಾಳ ಮೊದಲು ಗಿಡಕ್ಕೆ ಸಿಕ್ಕಿತು. ಎರಡನೆಯದು ಅವರದೇ ಜಾಕೆಟ್ಟಿಗೆ. ಎಷ್ಟನೆಯ ಸಲವೋ, ಕೋಲು ಬಾಗಿತು. ಕೆಂಬೇರಿ ಮೀನು ಎಳೆದ ಕಡೆಗೆ ದೋಣಿ ಮೂತಿ ಮಾಡಿಕೊಂಡು ವಿಧೇಯವಾಗಿ ನಡೆಯಿತು. ಒಮ್ಮೆಯೂ ಅಡ್ಡಡ್ಡ ತಿರುಗಲಿಲ್ಲ. "ಅಯ್ಯೋ, ಎಳೀತಾ ಇದೆ! ಏನ್ ಮಾಡ್ಲಿ? ಬಿಡ್ಲಾ?" "ಬಿಡ್ಬೇಡಿ, ಸುತ್ತಿ, ಸುತ್ತಿ!" ಕೆಂಪು ಮೀನು ದೋಣಿಯೊಳಗೆ ಪಟಪಟ ಬಡಿಯುವಾಗ ಲತಾ ಹಾಕಿದ ಕೇಕೆಗೆ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು. ನನಗೂ ಏಕೋ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ದಡ ಸೇರಿ ಒದ್ದೆ ಕೈ ಒರೆಸಿಕೊಂಡು ಅವರು ಮೊದಲು ಮಾಡಿದ್ದು ಗೋಪೀನಾಥ ಅವರಿಗೆ ಫೋನು. ನಮಗೆಲ್ಲ ಕೇಳುವಂತೆ ಸ್ಪೀಕರ್ ಹಾಕಿದರು. "ಸಾರ್, ನೆಟ್ಟಗೆ ಹೋಯ್ತು. ಪುಟ್ಟಿ ತುಂಬಿ ಬೆನ್ನು ಮುಚ್ಚಿದ್ದು ನಾನೇ. ಈಗ ಸರಿ ಮಾಡಿದೀನಿ. ನಾಳೆ ಬರೋರಿಗೆ ಬರ್ಬೇಡಿ ಅಂದ್ಬಿಡಿ."

"ಮೇಷ್ಟ್ರು ಏನಂತಾರೆ?" ಎಂದು ಕೇಳಿತು ಆ ಕಡೆಯ ಅನುಮಾನದ ದನಿ. ಶ್ರೀರಾಮ್ ಫೋನಿನ ಹತ್ತಿರ ಬಾಗಿದರು. "ಅಚ್ಚು ಮಾರಿದ್ರೆ ನಿಮ್ಮ ಶೆಡ್ ಬಾಗ್ಲಲ್ಲೇ ಬಂದು ಕೂತ್ಕೋತೀನಿ ಗೋಪಿ, ನನ್ನ ಸ್ಕೂಲ್ ಹುಡುಗ್ರನ್ನೆಲ್ಲ ಕರ್ಕೊಂಡು." ಗೋಪೀನಾಥ ನಕ್ಕರು. "ಸರಿಯಪ್ಪಾ, ಇಲ್ಲೇ ಇರ್ಲಿ ಬಿಡಿ. ಲತಾ, ಹುಷಾರಾಗಿ ಬಾಮ್ಮ."

ನಾನು ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಲತಾ ಫೋನು ಇಡಲಿಲ್ಲ.

"ಸಾರ್, ಇನ್ನೊಂದ್ ಮಾತು. ಬೆನ್ನಿಲ್ದೆ ನಮ್ಮ ಶೆಡ್ಡಿಂದ ಹೋಗಿರೋವು ಇಪ್ಪತ್ತರ ಮೇಲಿವೆ. ಕೆರೆಯೋರು, ನದಿಯೋರು ಅನ್ನದೆ ಎಲ್ರಿಗೂ ಫೋನ್ ಮಾಡಿ ವಾಪಸ್ ತರಿಸಿ. ಕೆಲ್ಸ ಮುಗಿದ್ಮೇಲೆ ನಾನೇ ನಿಂತು ಒಂದೊಂದಕ್ಕೂ ಬೆನ್ನು ಕಟ್ಟಿಕೊಡ್ತೀನಿ. ಅವ್ರ ಹತ್ರ ದುಡ್ಡೇನೂ ಕೇಳ್ಬೇಡಿ. ನನ್ನ ಕೈಯಲ್ಲಿ ಆಗಿದ್ದು ಎಲ್ಲೋ ಒಂದ್ ನೀರಲ್ಲಿ ದಿಕ್ಕು ತಪ್ಪಿ ಸುತ್ತುತಾ ಇದೆ ಅಂದ್ರೆ ನಂಗೆ ಊಟ ಸೇರಲ್ಲ ಸಾರ್."