ಅಜ್ಜಿಯ ಚಹಾ ಮತ್ತು ಪರದೆಯ ಗೆರೆ

ಅಳತೆಗೆ ಸಿಗದ ಸಂಗತಿಗಳಲ್ಲಿ ನನಗೆ ಎಂದೂ ನಂಬಿಕೆಯಿರಲಿಲ್ಲ. ಈಗ ಇದೆ ಎಂದು ಹೇಳುವ ಧೈರ್ಯವೂ ಇಲ್ಲ. ಆದರೂ ಇದನ್ನು ನಾನೇ ಕಂಡೆ. ಆಗಿನ್ನೂ ನಾವು ಕಡಿಯಾಳಿಯ ಬಾಡಿಗೆ ಮನೆಯಲ್ಲಿದ್ದುದರಿಂದ ಇದು 2003ಕ್ಕಿಂತ ಈಚಿನದಲ್ಲ ಎಂಬುದನ್ನು ಹಳೆಯ ರಸೀದಿಗಳಿಂದ ಖಚಿತಪಡಿಸಿಕೊಂಡಿದ್ದೇನೆ. ಮಳೆಗಾಲವಾಗಿತ್ತೆಂಬುದಕ್ಕೆ ಹೆಂಡತಿಯ ಸಾಕ್ಷ್ಯವಿದೆ.

ತೀವ್ರ ನಿಗಾ ಘಟಕದಲ್ಲಿ ಮಕ್ಕಳಿಗೆ ಮಂಪರಿನ ಔಷಧ ಕೊಟ್ಟು ಚಿಕಿತ್ಸೆ ಮಾಡುವಾಗ ಅವರ ಉಸಿರಾಟವನ್ನು ಗಮನಿಸುವುದು ನನ್ನ ಸಂಶೋಧನೆಯ ವಿಷಯ. ಉಸಿರು ನಿಂತರೂ ರಕ್ತದ ಆಮ್ಲಜನಕ ತಕ್ಷಣ ಇಳಿಯುವುದಿಲ್ಲ. ಆದ್ದರಿಂದ ಮಗು ಹೊರಬಿಡುವ ಗಾಳಿಯನ್ನೇ ಮೂಗಿನ ಬಳಿಯ ಸಣ್ಣ ನಳಿಕೆಯಿಂದ ಅಳೆಯುತ್ತಿದ್ದೆವು. ಒಂದೊಂದು ಉಸಿರಿಗೂ ಯಂತ್ರದ ಪರದೆಯ ಮೇಲೆ ಒಂದೊಂದು ದಿಬ್ಬ ಮೂಡುತ್ತಿತ್ತು.

ಅಂದು ಬೆಳಿಗ್ಗೆ ಕಾಪುವಿನ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಮಿದುಳು ಜ್ವರದ ಶಂಕೆಯಿಂದ ಪರೀಕ್ಷೆಗಾಗಿ ಬೆನ್ನಿನ ನೀರು ತೆಗೆಯಬೇಕಿತ್ತು. ನಾನು ಬಾಗಿಲ ಗಾಜಿನ ಪಕ್ಕದಲ್ಲಿ ನಿಂತಿದ್ದೆ. ಒಳಗೆ ಪರದೆ, ಹೊರಗೆ ಬೆಂಚಿನಲ್ಲಿ, ಪರದೆ ಕಾಣದಂತೆ ಪಕ್ಕಕ್ಕೆ ತಿರುಗಿ ಕುಳಿತ ಅವಳ ಅಜ್ಜಿ. ಮೊಮ್ಮಗಳನ್ನು ದಿನವೂ ತಟ್ಟಿ ಮಲಗಿಸುತ್ತಿದ್ದ ಅವರು ಈಗ ಅವಳ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ತಟ್ಟುತ್ತಿದ್ದರು. ಅಲ್ಲೊಂದು ತಟ್ಟು, ಇಲ್ಲೊಂದು ದಿಬ್ಬ. ಔಷಧದಿಂದ ಉಸಿರು ನಿಧಾನವಾದಾಗ ಆ ಕೈಯೂ ನಿಧಾನವಾಯಿತು. ಕಾಕತಾಳೀಯವೆಂದು ಒಳಗೊಳಗೇ ನಕ್ಕೆ.

ಆಗ ಕಾರ್ಕಳದಿಂದ ಬಂದಿದ್ದ ಮಗುವಿನ ಸೋದರಮಾವ ಅಜ್ಜಿಗೆ ಚಹಾ ತಂದುಕೊಟ್ಟ. ಬಿಸಿ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದರು. ತಟ್ಟುವುದು ನಿಂತಿತು. ಪರದೆಯ ಗೆರೆ ಸಪಾಟಾಯಿತು.

"ಡಾಕ್ಟ್ರೇ, ಉಸಿರಿಲ್ಲ!" ಎಂದೆ.

"ಆಕ್ಸಿಜನ್ ಸರಿ ಉಂಟಲ್ಲ ಸರ್?" ಎಂದರು ವೈದ್ಯರು.

"ಅದು ಆಮೇಲೆ ಇಳಿಯುವುದು ಮಾರಾಯ್ರೆ, ಮೊದಲು ಗದ್ದ ಎತ್ತಿ!"

ಉಸಿರಿನ ದಾರಿ ತೆರೆಯುವಂತೆ ಅವರು ಮಗುವಿನ ಗದ್ದವೆತ್ತಿದರು. ಅದೇ ಕ್ಷಣದಲ್ಲಿ ಹೊರಗೆ ಅಜ್ಜಿ ಲೋಟವನ್ನು ಕೆಳಗಿಟ್ಟು ಮತ್ತೆ ತಟ್ಟತೊಡಗಿದರು. ದಿಬ್ಬ ಮೂಡಿತು, ಮತ್ತೊಂದು ಮೂಡಿತು. ನನಗೂ ಉಸಿರು ಬಂತು.

ಕೆಲಸ ಮುಗಿದ ಮೇಲೆ ಹೊರಗೆ ಹೋಗಿ, "ಅಜ್ಜೀ, ಚಹಾ ಯಾಕೆ ಬಿಟ್ಟಿರಿ?" ಎಂದು ಕೇಳಿದೆ.

"ಎಂತ ಚಾ ಅದು! ಸಕ್ಕರೆಯೇ ಇಲ್ಲ. ಮದುವೆಗೆ ಹೆಣ್ಣು ನೋಡುತ್ತಿದ್ದಾನೆ, ಒಂದು ಚಾ ತರಲಿಕ್ಕೆ ಬರುವುದಿಲ್ಲ ಇವನಿಗೆ," ಎಂದರು.

ಯಂತ್ರದ ಸದ್ದು ಹೊರಗೆ ಕೇಳುವುದೇ ಎಂದು ಆ ಮಧ್ಯಾಹ್ನವೇ ಅದೇ ಬೆಂಚಿನಲ್ಲಿ ಕುಳಿತು ಪರೀಕ್ಷಿಸಿದೆ, ಕೇಳಲಿಲ್ಲ. ಉಸಿರು ನಿಂತದ್ದು ಔಷಧದಿಂದ, ಮರಳಿದ್ದು ಗದ್ದವೆತ್ತಿದ್ದರಿಂದ ಎಂಬುದು ವೈದ್ಯರ ಅಭಿಪ್ರಾಯ. ಲಿಖಿತವಾಗಿ ನನ್ನದೂ ಅದೇ.

ಹುಡುಗಿ ಚೇತರಿಸಿಕೊಂಡಳು. ಮನೆಗೆ ಹೋಗುವ ಮೊದಲು ಅದೇ ಪರೀಕ್ಷೆ ಇನ್ನೊಮ್ಮೆ ನಡೆಯಿತು. ಅಜ್ಜಿ ತಟ್ಟುತ್ತಿದ್ದರು. ಸೋದರಮಾವ ಲೋಟ ಹಿಡಿದು ಬರುವುದು ಗಾಜಿನಲ್ಲಿ ಕಾಣಿಸಿತು. ನಾನು ಹೊರಗೆ ಓಡಿ, ಅದನ್ನು ಅವನ ಕೈಯಿಂದ ಕಸಿದು, ನಿಂತಲ್ಲೇ ಕುಡಿದುಬಿಟ್ಟೆ.

ಹಾಗೇಕೆ ಮಾಡಿದೆನೆಂದು ಇಂದಿಗೂ ವಿವರಿಸಲಾರೆ. ಈ ಬಾರಿ ಸಕ್ಕರೆ ಮಾತ್ರ ಸರಿಯಾಗಿತ್ತು.