ವ್ಯಾನಿನಲ್ಲಿ ಮುಗಿಸಿದ ರೋಮ್ ಕಥೆ

ದುಬೈಯ ಅಲ್ ನಹ್ದಾದಿಂದ ಅಬುಧಾಬಿಯ ಮುಸಫ್ಫಾಕ್ಕೆ ಕಂಪೆನಿ ವ್ಯಾನಿನಲ್ಲಿ ಒಂದೂವರೆ ಗಂಟೆ. ಇತಿಹಾಸದಲ್ಲಿ ಎಂ.ಎ. ಮಾಡಿ ಫ್ಯಾಬ್ರಿಕೇಶನ್ ವರ್ಕ್‌ಶಾಪಿನ ಕಡತ ಜೋಡಿಸುತ್ತಿದ್ದ ನಾನು ಆ ದಾರಿಯಲ್ಲಿ ದಿನಕ್ಕಿಷ್ಟರಂತೆ ಒಂದು ಕಥೆ ಹೇಳುತ್ತಿದ್ದೆ: ರೋಮ್ ಚಕ್ರವರ್ತಿಯ ಸಲಹೆಗಾರನದ್ದು. ಚದುರಿದ್ದ ಕಾವಲು ಪಡೆಯನ್ನು ಒಂದೇ ಶಿಬಿರಕ್ಕೆ ತಂದು ಕೈಯಲ್ಲಿಟ್ಟುಕೊಂಡವನು. ಮುದಿ ಚಕ್ರವರ್ತಿ ರೋಮ್ ಬಿಟ್ಟು ದ್ವೀಪವೊಂದನ್ನು ಸೇರಿದ ಮೇಲೆ, ಅಲ್ಲಿಗೆ ಹೋಗುವ ಕಾಗದಗಳನ್ನು ಮೊದಲು ತಾನೇ ನೋಡುತ್ತಿದ್ದವನು.

ಡ್ರೈವರ್ ಪಕ್ಕದ ಸೀಟು ಅಡ್ಮಿನ್ ಆಫೀಸರರದ್ದು. ಮಾಲೀಕರು ಹೆಚ್ಚಾಗಿ ಹೊರದೇಶದಲ್ಲಿರುತ್ತಿದ್ದರು. ಅವರಿಗೆ ಏನು ತಲುಪಬೇಕೆಂಬುದು ಇವರ ಮರ್ಜಿ. ಕಥೆ ಎಲ್ಲರಿಗಿಂತ ಹೆಚ್ಚು ಹಿಡಿಸಿದ್ದು ಇವರಿಗೇ. "ಮಾಸ್ಟ್ರೇ, ನಿಮ್ಮ ಸಲಹೆಗಾರ ಇವತ್ತು ಯಾರನ್ನು ಮುಗಿಸ್ತಾನೆ?" ಎಂದು ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಕೇಳುತ್ತಿದ್ದರು. ರೋಮಿನ ತುಂಬ ಅವನ ಪ್ರತಿಮೆಗಳು ನಿಂತ ದಿನ ಚಪ್ಪಾಳೆ ತಟ್ಟಿದರು.

ಮರುದಿನ ಅವರ ಮುಖ ಬಿಗಿದಿತ್ತು. ಮುಂದಿನದ್ದನ್ನು ಫೋನಿನಲ್ಲಿ ಓದಿಕೊಂಡಿದ್ದರೆಂದು ಕಾಣುತ್ತದೆ.

"ಕಥೆ ಇಲ್ಲಿಗೆ ಖಲಾಸ್. ನಿಮ್ಮ ಕಾಂಟ್ರಾಕ್ಟ್ ಈ ತಿಂಗಳು ನನ್ನ ಟೇಬಲ್ಲಿಗೆ ಬರ್ತದೆ, ಗೊತ್ತುಂಟಲ್ಲ?"

ಗೊತ್ತಿತ್ತು. ಹೆಂಡತಿ, ಮಗಳ ವೀಸಾ ಕೂಡ ಅದರ ಮೇಲೇ ನಿಂತಿತ್ತು. ಆದರೂ ಹೇಳಿದೆ. ದ್ವೀಪದಿಂದ ಒಬ್ಬ ಅಧಿಕಾರಿ ತಂದ ಚಕ್ರವರ್ತಿಯ ಕಾಗದವನ್ನು ರೋಮಿನ ಸಭೆಯಲ್ಲಿ ಓದುತ್ತಾರೆ. ಹೊಸ ಪದವಿಯೇ ಬಂತೆಂದು ಸಲಹೆಗಾರ ನಗುತ್ತ ಕೂತಿರುತ್ತಾನೆ. ಕಾಗದ ಉದ್ದ. ಮಾತಿನ ಧಾಟಿ ಬದಲಾದಂತೆ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಎದ್ದು ದೂರ ಸರಿಯುತ್ತಾರೆ. ಕೊನೆಯಲ್ಲಿ ಬಂಧನದ ಆಜ್ಞೆ. ಅದೇ ದಿನ ಕೊಂದರು. ಪ್ರತಿಮೆಗಳನ್ನು ಕರಗಿಸಿದರು.

"ಕಂಚಿನದ್ದಾ?" ಸ್ಟೋರ್ ನೋಡಿಕೊಳ್ಳುವ, ನಾವೆಲ್ಲ ಕಾಕ ಎನ್ನುತ್ತಿದ್ದ ಹಿರಿಯರು ಹಿಂದಿನಿಂದ ಕೇಳಿದರು. "ಸ್ಕ್ರ್ಯಾಪಿಗೆ ಒಳ್ಳೆ ಮಾಲು ಮಾರಾಯ್ರೆ!"

ವ್ಯಾನಿಗೆ ವ್ಯಾನೇ ನಕ್ಕಿತು. ಅಡ್ಮಿನ್ ಆಫೀಸರ್ ನಗಲಿಲ್ಲ. ಕೇಳಿದರು, "ಅವನ ಜಾಗ ಯಾರಿಗೆ ಸಿಕ್ಕಿತು?"

"ಕಾಗದ ತಂದವನಿಗೆ."

ಅಷ್ಟು ಥಟ್ಟನೆ ಉತ್ತರಿಸಿದೆನೇ? ಈಗ ಖಾತ್ರಿಯಿಲ್ಲ. ಅಂದಿನ ಡೈರಿಯಲ್ಲಿ "ಕಥೆ ಮುಗಿಸಿದೆ" ಎಂದಷ್ಟೇ ಇದೆ. ಸತ್ಯದ ಮೇಲಿನ ನಿಷ್ಠೆಗೆ ಹೇಳಿದೆನೋ, ಅವರ ಕುತ್ತಿಗೆ ಕೆಂಪಾಗುವುದನ್ನು ನೋಡುವ ಚಪಲಕ್ಕೋ, ಅದೂ ತಿಳಿಯದು.

ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ತೈಲ ಬೆಲೆ ಕುಸಿದಿದ್ದ ಕಾಲ, ಆ ತಿಂಗಳು ಇನ್ನೂ ಕೆಲವರು ಊರಿಗೆ ಹೋದರು. ಕಥೆಯಿಂದಲೇ ಹೀಗಾಯಿತೆಂದು ಆಣೆ ಮಾಡಲಾರೆ. ಆದರೆ ಕೊನೆಯ ದಿನ ಸಹಿಗೆ ಕಾಗದ ಮುಂದಿಡುತ್ತ ಅವರೆಂದದ್ದು ನೆನಪಿದೆ.

"ಅವನನ್ನು ಬದುಕಿಸಬಹುದಿತ್ತು ಮಾಸ್ಟ್ರೇ. ನಿಮಗೇನು ನಷ್ಟ ಇತ್ತು?"

"ಸತ್ತದ್ದು ಸತ್ತದ್ದೇ ಸರ್," ಎಂದೆ. ಸಹಿ ಹಾಕಿದೆ.